ಗಣಿತಸಂಕೇತಗಳ ಶಿಲ್ಪಿ ಕೆನೆತ್ ಐವರ್ಸನ್

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಒಕ್ಕಲು ಮನೆತನದಲ್ಲಿ 1920ರಲ್ಲಿ ಜನಿಸಿದ ಕೆನೆತ್ ಐವರ್ಸನ್ ಅವರು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಹೊಲದ ದುಡಿಮೆಗೆ ನಿಂತರು. ಮಹಾಯುದ್ಧಕಾಲದಲ್ಲಿ ವಾಯುಸೇನೆಯಲ್ಲಿದ್ದಾಗ ಅಂಚೆಯ ಮೂಲಕ ಪಾಠ ಕಲಿತು, ನಿಂತುಹೋದ ವಿದ್ಯಾಭ್ಯಾಸವನ್ನು ಮುಂದುವರಿಸಿದರು. 1954ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಶಿಷ್ಯರಿಗೆ ತಿಳಿಯಾಗಿ ಬೋಧಿಸಲೆಂದು ಅವರು ರಚಿಸಿದ ಸಂಕೇತಪದ್ಧತಿಯಲ್ಲಿ ಸಂಖ್ಯೆಗಳ ಇಡೀ ಸಾಲನ್ನು ಕೂಡಿಸಲು ಎರಡೇ ಚಿಹ್ನೆಗಳು ಸಾಕು. ಆದರೆ ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. ಎದೆಗುಂದದೆ 1960ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು. 1962ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರಿನಿಂದಲೇ ಎ.ಪಿ.ಎಲ್. ಎಂಬ ಗಣಕಭಾಷೆಗೆ ನಾಮಕರಣವಾಯಿತು. 1979ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಎಪ್ಪತ್ತರ ಹೊಸ್ತಿಲಲ್ಲಿಯೂ ರೋಜರ್ ಹುಯಿ ಅವರೊಡನೆ ಜೆ ಎಂಬ ಹೊಸ ಭಾಷೆಯನ್ನು ರೂಪಿಸಿದರು. 2004ರಲ್ಲಿ ದಿವಂಗತರಾದರು. ಬೋಧನೆಗೆಂದು ಹುಟ್ಟಿದ ಅವರ ಸಂಕೇತಗಳು ಗಣಕಯಂತ್ರಗಳಲ್ಲಿ ಇಂದಿಗೂ ಬಾಳುತ್ತಿವೆ.