ಜೇಮ್ಸ್ ಥರ್ಬರ್

ಜೇಮ್ಸ್ ಗ್ರೋವರ್ ಥರ್ಬರ್ (ಡಿಸೆಂಬರ್ ೮, ೧೮೯೪ - ನವೆಂಬರ್ ೨, ೧೯೬೧) ಅಮೆರಿಕದ ಪ್ರಸಿದ್ಧ ಹಾಸ್ಯ ಸಾಹಿತಿ, ವ್ಯಂಗ್ಯಚಿತ್ರಕಾರ ಹಾಗೂ ನಾಟಕಕಾರರು. ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡ ನಂತರವೂ ಬರವಣಿಗೆಯನ್ನು ಕೈಬಿಡದ ಲೇಖಕರೆಂದು ಅವರು ಸ್ಮರಣೀಯರಾಗಿದ್ದಾರೆ.

ಜನನ ಮತ್ತು ಬಾಲ್ಯ

ಥರ್ಬರ್ ಅವರು ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್, ತಾಯಿ ಮೇರಿ. ಬಾಲ್ಯದಲ್ಲಿ ವಿಲಿಯಂ ಟೆಲ್ ಆಟವಾಡುತ್ತಿದ್ದಾಗ ಅಣ್ಣ ವಿಲಿಯಂ ಬಿಟ್ಟ ಬಾಣ ತಗುಲಿ ಒಂದು ಕಣ್ಣನ್ನು ಕಳೆದುಕೊಂಡರು. ಈ ಕಾರಣದಿಂದಲೇ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಡ್ಡಾಯವಾಗಿದ್ದ ಸೈನಿಕ ತರಬೇತಿಯನ್ನು ಪೂರೈಸಲಾಗದೆ ಪದವಿಯಿಂದ ವಂಚಿತರಾದರು. ಆ ಪದವಿಯನ್ನು ವಿಶ್ವವಿದ್ಯಾಲಯವು ೧೯೯೫ರಲ್ಲಿ ಮರಣೋತ್ತರವಾಗಿ ನೀಡಿತು.

ವೃತ್ತಿಜೀವನ

ಕೊಲಂಬಸ್, ಪ್ಯಾರಿಸ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಪತ್ರಕರ್ತರಾಗಿ ದುಡಿದು, ೧೯೨೭ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯನ್ನು ಸೇರಿದರು. ಅವರು ಗೀಚಿ ಎಸೆಯುತ್ತಿದ್ದ ಪೆನ್ಸಿಲ್ ಚಿತ್ರಗಳನ್ನು ಸಹೋದ್ಯೋಗಿ ಇ. ಬಿ. ವೈಟ್ ಅವರು ಆಯ್ದು ಶಾಯಿಯಲ್ಲಿ ತಿದ್ದಿ, ೧೯೨೯ರಲ್ಲಿ ಇಬ್ಬರೂ ಸೇರಿ ಬರೆದ ಹಾಸ್ಯಗ್ರಂಥದಲ್ಲಿ ಬಳಸಿದರು. ಅನಂತರ ಪತ್ರಿಕೆಯೂ ಅವರ ಚಿತ್ರಗಳನ್ನು ಪ್ರಕಟಿಸತೊಡಗಿತು. ಗದರುವ ಹೆಂಗಸರು, ಅಂಜುಬುರುಕ ಗಂಡಸರು, ಇವರಿಬ್ಬರನ್ನೂ ಮೌನವಾಗಿ ನೋಡುವ ನಾಯಿಗಳು ಆ ಚಿತ್ರಗಳ ಮುಖ್ಯ ಪಾತ್ರಗಳು.

'ಮೈ ಲೈಫ್ ಅಂಡ್ ಹಾರ್ಡ್ ಟೈಮ್ಸ್' (೧೯೩೩) ಆತ್ಮಕಥನ, 'ದಿ ಸೀಕ್ರೆಟ್ ಲೈಫ್ ಆಫ್ ವಾಲ್ಟರ್ ಮಿಟ್ಟಿ' (೧೯೩೯) ಸಣ್ಣಕಥೆ ಮತ್ತು ಯುದ್ಧದ ನಿರರ್ಥಕತೆಯನ್ನು ಚಿತ್ರಗಳಲ್ಲಿ ಹೇಳುವ 'ದಿ ಲಾಸ್ಟ್ ಫ್ಲವರ್' (೧೯೩೯) ಅವರ ಪ್ರಮುಖ ಕೃತಿಗಳು.

ದೃಷ್ಟಿನಾಶ ಮತ್ತು ಕೊನೆಯ ದಿನಗಳು

೧೯೪೦ರ ದಶಕದ ಆರಂಭದಲ್ಲಿ ಉಳಿದ ಕಣ್ಣಿಗೂ ಹಲವು ಶಸ್ತ್ರಚಿಕಿತ್ಸೆಗಳಾದವು. ಆದರೂ ದೃಷ್ಟಿ ಕುಂದುತ್ತಲೇ ಹೋಯಿತು. ಭೂತಗನ್ನಡಿಯ ನೆರವಿನಿಂದ ದೊಡ್ಡ ಹಾಳೆಗಳ ಮೇಲೆ ಕೆಲಕಾಲ ಚಿತ್ರ ಬಿಡಿಸಿದರು. ಕೊನೆಗೆ ಅದನ್ನೂ ನಿಲ್ಲಿಸಬೇಕಾಯಿತು. ಬಳಿಕ ವಾಕ್ಯಗಳನ್ನು ಮನಸ್ಸಿನಲ್ಲಿಯೇ ತಿದ್ದಿ, ಇತರರಿಂದ ಬರೆಸುತ್ತಿದ್ದರು. ಮಕ್ಕಳ ಕಥೆ 'ದಿ ಥರ್ಟೀನ್ ಕ್ಲಾಕ್ಸ್' (೧೯೫೦) ಈ ಅವಧಿಯದು. ೧೯೬೦ರಲ್ಲಿ 'ಎ ಥರ್ಬರ್ ಕಾರ್ನಿವಲ್' ರಂಗಪ್ರಯೋಗದ ೮೮ ಪ್ರದರ್ಶನಗಳಲ್ಲಿ ತಮ್ಮದೇ ಪಾತ್ರವನ್ನು ಅಭಿನಯಿಸಿದರು. ಮರುವರ್ಷ ನ್ಯೂಯಾರ್ಕ್‌ನಲ್ಲಿ ನಿಧನರಾದರು.

ಚಲನಚಿತ್ರಗಳಲ್ಲಿ

ವಾಲ್ಟರ್ ಮಿಟ್ಟಿಯ ಕಥೆ ೧೯೪೭ರಲ್ಲಿ ಚಲನಚಿತ್ರವಾಯಿತು. ಥರ್ಬರ್ ಅವರ ಬರಹ ಮತ್ತು ವ್ಯಂಗ್ಯಚಿತ್ರಗಳಿಂದ ಪ್ರೇರಿತವಾದ ಪ್ರಣಯಹಾಸ್ಯ ಚಿತ್ರ 'ದಿ ವಾರ್ ಬಿಟ್ವೀನ್ ಮೆನ್ ಅಂಡ್ ವಿಮೆನ್' ೧೯೭೨ರಲ್ಲಿ ತೆರೆಕಂಡಿತು. ಮೆಲ್ವಿಲ್ ಶಾವೆಲ್ಸನ್ ನಿರ್ದೇಶಿಸಿದ ಈ ಚಿತ್ರದಲ್ಲಿ ಜ್ಯಾಕ್ ಲೆಮನ್ ದೃಷ್ಟಿ ಕಳೆದುಕೊಳ್ಳುತ್ತಿರುವ ವ್ಯಂಗ್ಯಚಿತ್ರಕಾರನಾಗಿಯೂ, ಬಾರ್ಬರಾ ಹ್ಯಾರಿಸ್ ಅವನು ವರಿಸುವ, ಮೂರು ಮಕ್ಕಳ ತಾಯಿಯಾಗಿಯೂ ನಟಿಸಿದ್ದಾರೆ. 'ದಿ ಲಾಸ್ಟ್ ಫ್ಲವರ್' ಕೃತಿಯು ಇದರಲ್ಲಿ ಚಲಿಸುವ ಚಿತ್ರಗಳ ರೂಪದಲ್ಲಿ ಮೂಡಿಬಂದಿದೆ.