ಕೇಳಿ ಪಡೆದದ್ದನ್ನು ಕೊಡಲಾರದ ನಾಯಕ

2023ರ ಶರತ್ಕಾಲದಲ್ಲಿ ನಾನೂ ನನ್ನ ಪತ್ನಿಯೂ ಫಿಲಡೆಲ್ಫಿಯಾದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ತಂಗಿದ್ದೆವು. ಭಾನುವಾರ ಬಂತೆಂದರೆ ಆ ಮನೆಯಲ್ಲಿ ಮಾತೆಲ್ಲ ಅಮೆರಿಕನ್ ಫುಟ್‌ಬಾಲಿನದೇ. ಆ ವರ್ಷದ ಚರ್ಚೆಯ ವಸ್ತು ಆರನ್ ರಾಡ್ಜರ್ಸ್ ಎಂಬ ಪ್ರಖ್ಯಾತ ಆಟಗಾರ. ಗ್ರೀನ್ ಬೇ ತಂಡದಲ್ಲಿದ್ದ ಆತ, ಯಾವ ಆಟಗಾರರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ನಿರ್ಧಾರಗಳಲ್ಲಿ ತನ್ನ ಮಾತನ್ನೂ ಕೇಳಬೇಕೆಂದು 2021ರಲ್ಲಿ ಬಹಿರಂಗವಾಗಿಯೇ ಹೇಳಿಕೊಂಡಿದ್ದ. 2023ರಲ್ಲಿ ಆ ತಂಡ ಬಿಟ್ಟು ನ್ಯೂಯಾರ್ಕ್ ಜೆಟ್ಸ್ ಸೇರಿದ್ದ. ತಾರಾ ಆಟಗಾರನ ಮಾತಿಗೆ ತಂಡದ ನಿರ್ಧಾರಗಳಲ್ಲಿ ಎಷ್ಟು ಬೆಲೆ ಇರಬೇಕು? ಅಳಿಯ ಆಟಗಾರನ ಪಕ್ಷ, ಮಗಳು ಆಡಳಿತದ ಪಕ್ಷ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಆಟ ಅರ್ಥವಾಗಲಿಲ್ಲ. ಜಗಳ ಮಾತ್ರ ಚೆನ್ನಾಗಿ ಅರ್ಥವಾಯಿತು.

ಆ ಕುತೂಹಲದಿಂದಲೇ ಬಡಾವಣೆಯ ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದಾಗ ನಾರ್ಮ್ ವ್ಯಾನ್ ಬ್ರಾಕ್ಲಿನ್ ಎಂಬ, 1983ರಲ್ಲೇ ತೀರಿಕೊಂಡ ಆಟಗಾರನ ಬದುಕು ನನ್ನ ಕಣ್ಣಿಗೆ ಬಿತ್ತು. ಮಗಳು ಮತ್ತು ಅಳಿಯನ ವಾದಗಳೆರಡನ್ನೂ ಆತ ಒಬ್ಬನೇ ಬದುಕಿ ತೋರಿಸಿದ್ದ. ಬದುಕಿನ ಮೊದಲರ್ಧದಲ್ಲಿ ಒಂದು ಪಕ್ಷ, ಉಳಿದರ್ಧದಲ್ಲಿ ಅದರ ವಿರುದ್ಧ ಪಕ್ಷ.

ಕ್ರಿಕೆಟ್ಟಿನಲ್ಲಿ ಬೆಳೆದ ನಮಗೆ ಈ ಆಟದ ಬಗ್ಗೆ ಒಂದು ಮಾತು ಅಗತ್ಯ. ಅಲ್ಲಿ ಹನ್ನೊಂದು ಜನರ ತಂಡ ಚೆಂಡನ್ನು ಎದುರಾಳಿಯ ಗಡಿಯತ್ತ ತುಂಡುತುಂಡಾಗಿ ಒಯ್ಯಬೇಕು. ಪ್ರತಿ ತುಂಡಿಗೂ ಮೊದಲೇ ಒಂದು ವ್ಯೂಹ ನಿಗದಿಯಾಗುತ್ತದೆ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬಾತನ ಕೈಗೆ. ಅದನ್ನು ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ವ್ಯೂಹವನ್ನು ಆರಿಸುವವರು ಯಾರು, ಮೈದಾನದೊಳಗಿನ ಈತನೋ ಅಂಚಿನಲ್ಲಿ ನಿಂತ ತರಬೇತುದಾರನೋ? ಈ ಆಟದ ಅಧಿಕಾರ ಹಂಚಿಕೆಯ ಪ್ರಶ್ನೆಯೆಲ್ಲ ಇದರಲ್ಲೇ ಅಡಗಿದೆ.

ವ್ಯಾನ್ ಬ್ರಾಕ್ಲಿನ್ ಹುಟ್ಟಿದ್ದು 1926ರ ಮಾರ್ಚ್ 15ರಂದು, ದಕ್ಷಿಣ ಡಕೋಟಾ ರಾಜ್ಯದಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಅನಂತರ ಆರೆಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಆಟಗಾರನಾಗಿ ಹೆಸರಾದ. ಓಡುವುದರಲ್ಲಿ ನಿಧಾನ, ಆದರೆ ಎಸೆತ ಮಾತ್ರ ಅಸಾಧಾರಣ. ಕೋಪಕ್ಕೂ ಅಷ್ಟೇ ಪ್ರಸಿದ್ಧ. ಡಚ್‌ಮನ್ ಎಂಬುದು ಆತನ ಅಡ್ಡಹೆಸರು.

1949ರಲ್ಲಿ ಆತ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡವನ್ನು ಸೇರಿದಾಗ ಅಲ್ಲಿ ಬಾಬ್ ವಾಟರ್‌ಫೀಲ್ಡ್ ಎಂಬ ಇನ್ನೊಬ್ಬ ದಿಗ್ಗಜ ಆಗಲೇ ಇದ್ದ. ಒಂದೇ ಕುರ್ಚಿಗೆ ಇಬ್ಬರು ಅರ್ಹರು! ಆಡಳಿತ ಇಬ್ಬರಿಗೂ ಆಟವನ್ನು ಹಂಚಿತು. ಫಲಿತಾಂಶ ಚೆನ್ನಾಗಿಯೇ ಇತ್ತು: 1950ರಲ್ಲಿ ತಂಡ 12 ಪಂದ್ಯಗಳಲ್ಲಿ 466 ಅಂಕ ಗಳಿಸಿತು. 1951ರ ಋತುವಿನ ಮೊದಲ ಪಂದ್ಯದಲ್ಲಿ ವಾಟರ್‌ಫೀಲ್ಡ್ ಗಾಯಗೊಂಡಿದ್ದರಿಂದ ಪೂರ್ತಿ ಆಟ ವ್ಯಾನ್ ಬ್ರಾಕ್ಲಿನ್‌ಗೆ ಸಿಕ್ಕಿತು. ಆ ಒಂದು ದಿನ ಆತ ಎಸೆದು ಗಳಿಸಿಕೊಟ್ಟದ್ದು 554 ಗಜ. ಏಳು ದಶಕಗಳು ಕಳೆದರೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧದ ಅಂತಿಮ ಪಂದ್ಯದಲ್ಲಿ, ಆತನ ಎಸೆತವನ್ನು ಹಿಡಿದ ಟಾಮ್ ಫಿಯರ್ಸ್ ಗಡಿ ದಾಟಿ 73 ಗಜದ ಟಚ್‌ಡೌನ್ ಗಳಿಸಿದ. ರ‍್ಯಾಮ್ಸ್ 24–17ರಿಂದ ಗೆದ್ದು ಚಾಂಪಿಯನ್ ಆಯಿತು.

1952ರ ನಂತರ ವಾಟರ್‌ಫೀಲ್ಡ್ ನಿವೃತ್ತನಾದ. ಇನ್ನಾದರೂ ಆಟದ ಲಗಾಮು ತನ್ನ ಕೈಗೆ ಬರುವುದೆಂದು ವ್ಯಾನ್ ಬ್ರಾಕ್ಲಿನ್ ಭಾವಿಸಿದ್ದರೆ ಅದು ಸಹಜವೇ. ಆದರೆ 1955ರಲ್ಲಿ ಸಿಡ್ ಗಿಲ್ಮನ್ ಮುಖ್ಯ ತರಬೇತುದಾರನಾಗಿ ಬಂದ. ಎಸೆತದ ಆಟವನ್ನು ಶಾಸ್ತ್ರೀಯವಾಗಿ ರೂಪಿಸಿದ ದೊಡ್ಡ ಮೇಧಾವಿ ಆತ. ವ್ಯೂಹಗಳನ್ನು ತಾನೇ ಆರಿಸಿ ಮೈದಾನಕ್ಕೆ ಕಳುಹಿಸಬೇಕೆಂಬುದು ಆತನ ನಿಲುವು. ಅಂದಿನ ದಿನಗಳಲ್ಲಿ ಹೆಚ್ಚಿನ ಕ್ವಾರ್ಟರ್‌ಬ್ಯಾಕ್‌ಗಳು ವ್ಯೂಹವನ್ನು ತಾವೇ ನಿರ್ಧರಿಸುತ್ತಿದ್ದುದರಿಂದ ವ್ಯಾನ್ ಬ್ರಾಕ್ಲಿನ್‌ಗೆ ಇದು ತನ್ನ ಹಕ್ಕಿನ ಅಪಹರಣವೆಂದೇ ತೋರಿತು. ಆ ವರ್ಷ ತಂಡ ಅಂತಿಮ ಪಂದ್ಯಕ್ಕೇನೋ ಬಂತು; ಆದರೆ ಆತನ ಆರು ಎಸೆತಗಳು ಎದುರಾಳಿಗಳ ಕೈಸೇರಿ, 38–14ರಿಂದ ಸೋತಿತು. ಮುಂದಿನ ಎರಡು ವರ್ಷ ಇಬ್ಬರ ನಡುವಿನ ಬಿರುಕು ಬೆಳೆಯಿತೇ ಹೊರತು ಮುಚ್ಚಲಿಲ್ಲ. 1958ರ ಆರಂಭದಲ್ಲಿ ಆತ ನಿವೃತ್ತಿ ಘೋಷಿಸಿದ. ರ‍್ಯಾಮ್ಸ್ ಆತನನ್ನು ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು.

ಇಲ್ಲಿಂದ ಆತನ ಬದುಕಿನ ಅತ್ಯಂತ ಉಜ್ವಲ ಅಧ್ಯಾಯ ಆರಂಭವಾಗುತ್ತದೆ. ಈಗಲ್ಸ್ ತರಬೇತುದಾರ ಬಕ್ ಶಾ ಆಕ್ರಮಣದ ಪೂರ್ಣ ಹೊಣೆಯನ್ನು ವ್ಯಾನ್ ಬ್ರಾಕ್ಲಿನ್‌ಗೆ ಒಪ್ಪಿಸಿದ. ತನಗಿಂತ ಬಲ್ಲವನ ಕೈಗೆ ಕೆಲಸ ಕೊಟ್ಟು ತಾನು ಪಕ್ಕಕ್ಕೆ ನಿಲ್ಲುವುದು ಅಧಿಕಾರದಲ್ಲಿರುವವರಿಗೆ ಎಷ್ಟು ಕಷ್ಟವೆಂಬುದು ಆ ಸ್ಥಾನದಲ್ಲಿ ಕುಳಿತವರಿಗೇ ಗೊತ್ತು. ಫಲ ತಕ್ಷಣ ಬರಲಿಲ್ಲ. 1958ರಲ್ಲಿ ತಂಡ ಗೆದ್ದದ್ದು ಎರಡೇ ಪಂದ್ಯ. 1959ರಲ್ಲಿ ಏಳು, 1960ರಲ್ಲಿ ಹನ್ನೆರಡರಲ್ಲಿ ಹತ್ತು. ಆ ವರ್ಷ ಆತ ಆಟಗಾರನೂ ಹೌದು, ಹೆಸರಿಲ್ಲದ ಸಹಾಯಕ ತರಬೇತುದಾರನೂ ಹೌದು. 1960ರ ಡಿಸೆಂಬರ್ 26ರಂದು ಫ್ರಾಂಕ್ಲಿನ್ ಫೀಲ್ಡ್ ಮೈದಾನದಲ್ಲಿ ಈಗಲ್ಸ್ ತಂಡ ವಿನ್ಸ್ ಲೊಂಬಾರ್ಡಿಯ ಗ್ರೀನ್ ಬೇ ತಂಡವನ್ನು 17–13ರಿಂದ ಸೋಲಿಸಿತು. ಋತುವಿನ ಕೊನೆಯ ನಿರ್ಣಾಯಕ ಪಂದ್ಯಗಳಲ್ಲಿ ಲೊಂಬಾರ್ಡಿ ಸೋತದ್ದು ಅದೊಂದೇ ಬಾರಿ. ಫಿಲಡೆಲ್ಫಿಯಾದ ಜನ ಮತ್ತೊಂದು ಚಾಂಪಿಯನ್ ಪಟ್ಟಕ್ಕಾಗಿ 2018ರವರೆಗೆ ಕಾಯಬೇಕಾಯಿತು.

ಬಕ್ ಶಾ ಆ ಗೆಲುವಿನೊಂದಿಗೇ ನಿವೃತ್ತನಾದ. ಆ ಸ್ಥಾನ ತನಗೇ ಸಲ್ಲಬೇಕೆಂಬುದು, ತಂಡಕ್ಕೆ ಬರುವಾಗಲೇ ಹಾಗೆ ಒಪ್ಪಂದವಾಗಿತ್ತೆಂಬುದು ವ್ಯಾನ್ ಬ್ರಾಕ್ಲಿನ್‌ನ ನಂಬಿಕೆ. ಆಡಳಿತ ಆತನ ಮುಂದಿಟ್ಟದ್ದು ಬೇರೆ: ಆಡುತ್ತಲೇ ತರಬೇತು ಕೊಡುವ ಜೋಡಿ ಹೊಣೆ. ಆತ ಅದನ್ನು ಒಪ್ಪದೆ ಹೊರನಡೆದ. ಹುದ್ದೆ ಸಹಾಯಕನಾಗಿದ್ದ ನಿಕ್ ಸ್ಕೋರಿಚ್‌ಗೆ ಹೋಯಿತು. ಸರ್ಕಾರಿ ಸೇವೆಯಲ್ಲಿ ಸ್ವಲ್ಪ ಕಾಲ ಕಳೆದವರಿಗೂ ಗೊತ್ತಿರುವ ಪಾಠವಿದು: ಕಡತದಲ್ಲಿ ದಾಖಲಾಗದ ಭರವಸೆಯನ್ನು ಪ್ರತಿಯೊಬ್ಬರೂ ತಮಗೆ ಬೇಕಾದಂತೆ ನೆನಪಿಟ್ಟುಕೊಳ್ಳುತ್ತಾರೆ.

ಆಗ ಆತನಿಗೆ 34 ವರ್ಷ. 1961ರ ಜನವರಿಯಲ್ಲಿ, ಹೊಸದಾಗಿ ಹುಟ್ಟಿದ ಮಿನ್ನೆಸೋಟಾ ವೈಕಿಂಗ್ಸ್ ತಂಡ ಆತನನ್ನು ತನ್ನ ಮೊದಲ ಮುಖ್ಯ ತರಬೇತುದಾರನನ್ನಾಗಿ ನೇಮಿಸಿತು. ಸ್ವಾತಂತ್ರ್ಯಕ್ಕಾಗಿ ಅಷ್ಟು ವರ್ಷ ಹೋರಾಡಿದವನ ಕೈಗೆ ಈಗ ಇನ್ನೊಬ್ಬನ ಸ್ವಾತಂತ್ರ್ಯ ಬಂತು. ಆ ಇನ್ನೊಬ್ಬನೇ ಜಾರ್ಜಿಯಾ ವಿಶ್ವವಿದ್ಯಾಲಯದಿಂದ ಬಂದ ಫ್ರ್ಯಾನ್ ಟಾರ್ಕೆಂಟನ್. ಸೆಪ್ಟೆಂಬರಿನಲ್ಲಿ, ವೈಕಿಂಗ್ಸ್ ಆಡಿದ ಮೊಟ್ಟಮೊದಲ ಪಂದ್ಯದಲ್ಲೇ, ಬದಲಿ ಆಟಗಾರನಾಗಿ ಇಳಿದ ಈ ಹುಡುಗ ನಾಲ್ಕು ಟಚ್‌ಡೌನ್‌ಗಳಿಗೆ ಎಸೆದು, ಒಂದನ್ನು ತಾನೇ ಓಡಿ ಗಳಿಸಿ, ಚಿಕಾಗೊ ಬೇರ್ಸ್ ವಿರುದ್ಧ 37–13ರ ಗೆಲುವು ತಂದುಕೊಟ್ಟ.

ಆದರೆ ಟಾರ್ಕೆಂಟನ್ ಆಡುವ ಬಗೆಯೇ ಬೇರೆ. ವ್ಯೂಹ ಕುಸಿದರೆ ಆತ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಕ್ಕೂ ಅಡ್ಡಕ್ಕೂ ಓಡಿ, ದೈತ್ಯರಂಥ ಎದುರಾಳಿಗಳನ್ನು ಸುಸ್ತು ಮಾಡಿ, ಎಲ್ಲೋ ಒಬ್ಬ ಜೊತೆಗಾರ ಬಿಡುವಾಗಿ ಕಂಡಾಗ ಎಸೆಯುತ್ತಿದ್ದ. ಕ್ವಾರ್ಟರ್‌ಬ್ಯಾಕ್ ತನ್ನ ರಕ್ಷಕರ ನಡುವೆ ಸ್ಥಿರವಾಗಿ ನಿಂತು ಎಸೆಯಬೇಕೆಂಬುದು ವ್ಯಾನ್ ಬ್ರಾಕ್ಲಿನ್‌ನ ಸಿದ್ಧಾಂತ. ತಾನು ಹಾಗೆ ಆಡಿಯೇ ಗೆದ್ದವನು. ಅಲ್ಲದೆ ಓಡಲು ಬಾರದವನು. ತಂಡ ಹೊಸದು, ಸೋಲುಗಳು ಹೆಚ್ಚು. ಆತನ ಸಹನೆ ಕಡಿಮೆ. 1965ರ ನವೆಂಬರಿನಲ್ಲಿ ಒಂದು ಸೋಲಿನ ಬಳಿಕ ರಾಜೀನಾಮೆ ಇತ್ತು, ಮರುದಿನವೇ ಹಿಂದಿರುಗಿದ. 1966ರಲ್ಲಿ, ಟಾರ್ಕೆಂಟನ್‌ನ ತವರು ರಾಜ್ಯದ ಅಟ್ಲಾಂಟ ತಂಡದ ವಿರುದ್ಧ ಪಂದ್ಯವಿದ್ದಾಗ, ಆತನನ್ನು ಕೂರಿಸಿ ಬೇರೊಬ್ಬನನ್ನು ಆಡಿಸಿದ. 1967ರ ಫೆಬ್ರವರಿಯಲ್ಲಿ ಟಾರ್ಕೆಂಟನ್ ತಾನಿನ್ನು ಈ ತಂಡಕ್ಕೆ ಆಡಲಾರೆನೆಂದು ಪತ್ರ ಬರೆದ. ಅದರ ಬೆನ್ನಲ್ಲೇ ವ್ಯಾನ್ ಬ್ರಾಕ್ಲಿನ್ ಕೂಡ ರಾಜೀನಾಮೆಯಿತ್ತ. ಒಬ್ಬರನ್ನೊಬ್ಬರು ಸಹಿಸಲಾರದೆ ಇಬ್ಬರೂ ಹೊರನಡೆದರು, ನಷ್ಟವಾದದ್ದು ತಂಡಕ್ಕೆ.

ಮುಂದೆ 1968ರಿಂದ 1974ರವರೆಗೆ ವ್ಯಾನ್ ಬ್ರಾಕ್ಲಿನ್ ಅಟ್ಲಾಂಟ ಫಾಲ್ಕನ್ಸ್ ತಂಡದ ತರಬೇತುದಾರನಾಗಿದ್ದ. 1973ರಲ್ಲಿ 9 ಗೆಲುವು, 5 ಸೋಲು ಎಂಬ ಒಂದು ಒಳ್ಳೆಯ ವರ್ಷ ಕಂಡರೂ, ಮರುವರ್ಷ ಋತುವಿನ ನಡುವೆಯೇ ಆತನನ್ನು ತೆಗೆದುಹಾಕಲಾಯಿತು. ತರಬೇತುದಾರನಾಗಿ ಆತನ ಒಟ್ಟು ಲೆಕ್ಕ 66 ಗೆಲುವು, 100 ಸೋಲು, 7 ಸಮ. ಇತ್ತ ಟಾರ್ಕೆಂಟನ್ 1972ರಲ್ಲಿ, ಬಡ್ ಗ್ರಾಂಟ್ ತರಬೇತುದಾರನಾಗಿದ್ದ ವೈಕಿಂಗ್ಸ್‌ಗೆ ಮರಳಿ, ತಂಡವನ್ನು ಮೂರು ಬಾರಿ ಸೂಪರ್ ಬೌಲ್‌ಗೆ ಕೊಂಡೊಯ್ದ. ಮೂರನ್ನೂ ಸೋತನೆಂಬುದು ನಿಜ; ಆದರೆ 1978ರ ಋತುವಿನ ನಂತರ ನಿವೃತ್ತನಾದಾಗ ಎಸೆತದ ದಾಖಲೆಗಳು ಬಹುಪಾಲು ಆತನ ಹೆಸರಿನಲ್ಲಿದ್ದವು. ವ್ಯಾನ್ ಬ್ರಾಕ್ಲಿನ್ ಆಟಗಾರನಾಗಿ 1971ರಲ್ಲಿ ಹಾಲ್ ಆಫ್ ಫೇಮ್ ಗೌರವ ಪಡೆದಿದ್ದ. 1983ರ ಮೇ 2ರಂದು, 57ನೆಯ ವಯಸ್ಸಿನಲ್ಲಿ, ಜಾರ್ಜಿಯಾದಲ್ಲಿ ಹೃದಯಾಘಾತದಿಂದ ನಿಧನನಾದ.

ಈ ಬದುಕನ್ನು ಓದುತ್ತಿದ್ದಾಗ ನನಗೆ ನನ್ನದೇ ಒಂದು ಪ್ರಸಂಗ ನೆನಪಾಗಿ ಮುಜುಗರವಾಯಿತು. ಎಂಬತ್ತರ ದಶಕದ ನಡುವಿನ ಬರಗಾಲದಲ್ಲಿ ನಾನು ಬಯಲುಸೀಮೆಯ ಒಂದು ಉಪವಿಭಾಗದ ಅಧಿಕಾರಿ. ಗೋಶಾಲೆ ಎಲ್ಲಿ ತೆರೆಯಬೇಕೆಂಬುದನ್ನು ಮೇಲಿನವರು ನಕಾಶೆ ನೋಡಿ ತೀರ್ಮಾನಿಸುತ್ತಿದ್ದರು. ಯಾವ ಊರಿನ ಬಾವಿಯಲ್ಲಿ ನೀರಿದೆ, ಯಾವ ದಾರಿಯಲ್ಲಿ ದನ ನಡೆದು ಬರಬಲ್ಲದು ಎಂಬುದು ನಕಾಶೆಗೆ ತಿಳಿಯದು. ನಾನು ಪಟ್ಟು ಹಿಡಿದು ವಾದಿಸಿದೆ. ಹಿರಿಯ ಅಧಿಕಾರಿಯೊಬ್ಬರು ದೊಡ್ಡ ಮನಸ್ಸು ಮಾಡಿ ಆ ಅಧಿಕಾರವನ್ನು ನನಗೇ ಬಿಟ್ಟರು. ಅದನ್ನು ನನ್ನ ಸೇವೆಯ ಹೆಮ್ಮೆಯ ದಿನಗಳೆಂದು ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದೇನೆ. ವೇದಿಕೆಗಳಲ್ಲಿ ಹೇಳದೇ ಉಳಿದದ್ದು ಇದು: ಸುಮಾರು 25 ವರ್ಷಗಳ ನಂತರ, ಮತ್ತೊಂದು ಬರಗಾಲದಲ್ಲಿ, ಯುವ ಅಧಿಕಾರಿಣಿಯೊಬ್ಬರು ನನ್ನನ್ನು ಕೇಳದೆ ಗೋಶಾಲೆಯ ಜಾಗ ಬದಲಾಯಿಸಿದಾಗ, ಕಾರಣ ಕೇಳಿ ನೋಟಿಸು ಕೊಟ್ಟವನೂ ನಾನೇ. ಆಕೆ ಆರಿಸಿದ ಜಾಗವೇ ಸರಿಯಾಗಿತ್ತು. ಅದನ್ನು ಒಪ್ಪಿ ನೋಟಿಸು ಹಿಂಪಡೆಯಲು ನನಗೆ ಎರಡು ತಿಂಗಳು ಬೇಕಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಹಯೆಕ್ 1945ರಲ್ಲಿ ಬರೆದ ಪ್ರಬಂಧವೊಂದನ್ನು ಓದಿರುತ್ತಾರೆ. ಕೆಲಸಕ್ಕೆ ಬೇಕಾದ ಜ್ಞಾನ ಒಂದೆಡೆ ರಾಶಿ ಬಿದ್ದಿರುವುದಿಲ್ಲ, ಸ್ಥಳದಲ್ಲಿರುವ ಜನರ ನಡುವೆ ಚದುರಿಹೋಗಿರುತ್ತದೆ ಎಂಬುದು ಅದರ ಸಾರ. ಈ ದೃಷ್ಟಿಯಿಂದ ನೋಡಿದರೆ ತಾರಾ ಆಟಗಾರನ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಮೂರಿವೆ. ಮೈದಾನದ ಆ ಕ್ಷಣದ ನಿರ್ಧಾರ ಆತನದೇ ಆಗಬೇಕು, ಏಕೆಂದರೆ ಅದು ಕಾಣುವುದು ಆತನಿಗೆ ಮಾತ್ರ. 1994ರಿಂದ ತರಬೇತುದಾರರು ಕ್ವಾರ್ಟರ್‌ಬ್ಯಾಕ್‌ನ ಶಿರಸ್ತ್ರಾಣದೊಳಗಿನ ರೇಡಿಯೊ ಮೂಲಕ ಸೂಚನೆ ಕೊಡಬಹುದಾಗಿದೆ. ಆದರೂ ಆಟದ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಧ್ವನಿ ಕಡಿದುಹೋಗಬೇಕೆಂಬ ನಿಯಮವಿದೆ. ಅಲ್ಲಿಂದ ಮುಂದಿನದು ಆಟಗಾರನ ವಿವೇಚನೆ. ಎರಡನೆಯದು ಆಟದ ಯೋಜನೆ; ಅದು ಬಕ್ ಶಾ ಮಾಡಿದಂತೆ ಇಬ್ಬರ ನಡುವಿನ ನಂಬಿಕೆಯಿಂದ ರೂಪುಗೊಳ್ಳಬೇಕು. ಮೂರನೆಯದು ಯಾರು ತಂಡದಲ್ಲಿರಬೇಕು, ಯಾರು ಮುಂದಿನ ಮುಖ್ಯಸ್ಥನಾಗಬೇಕು ಎಂಬುದು. ಇಲ್ಲಿ ತಾರೆಯ ಅಭಿಪ್ರಾಯ ಕೇಳಬೇಕು, ಆದರೆ ತೀರ್ಮಾನ ಸಂಸ್ಥೆಯದಾಗಬೇಕು. ಏಕೆಂದರೆ ಈ ವಿಷಯದಲ್ಲಿ ಆತನೇ ಹಿತಾಸಕ್ತ. ಕೇಳಿದ್ದೇನು, ಒಪ್ಪಿದ್ದೇನು ಎಂಬುದು ಬರಹದಲ್ಲಿರಬೇಕು.

ವ್ಯಾನ್ ಬ್ರಾಕ್ಲಿನ್ ಗಿಲ್ಮನ್‌ನಿಂದ ಬಯಸಿದ ಸ್ವಾತಂತ್ರ್ಯ ಅನ್ಯಾಯದ್ದೇನೂ ಆಗಿರಲಿಲ್ಲ. ಆದರೆ ಅದನ್ನು ಆತ ತನ್ನ ಪ್ರತಿಭೆಗೆ ಸಲ್ಲುವ ಬಹುಮಾನವೆಂದು ತಿಳಿದನೇ ಹೊರತು, ಆ ಸ್ಥಾನದಲ್ಲಿ ನಿಲ್ಲುವ ಯಾರಿಗಾದರೂ ಸಲ್ಲಬೇಕಾದ ಹಕ್ಕೆಂದು ತಿಳಿಯಲಿಲ್ಲ. ಹಾಗಾಗಿ ಟಾರ್ಕೆಂಟನ್‌ನ ಓಟದಲ್ಲಿ ಆತನಿಗೆ ಕಂಡದ್ದು ಅಶಿಸ್ತು ಮಾತ್ರ. ನನಗೂ ಆ ಅಧಿಕಾರಿಣಿಯಲ್ಲಿ ಕಂಡದ್ದು ಅದೇ.

ನೋಟಿಸು ಹಿಂಪಡೆದಾಗ ನಾನು ಕಳುಹಿಸಿದ್ದು ಎರಡು ಸಾಲಿನ ಟಿಪ್ಪಣಿ. ತಪ್ಪು ನನ್ನದೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಫಿಲಡೆಲ್ಫಿಯಾದಿಂದ ಹಿಂದಿರುಗಿದ ವಾರವೇ ಆಕೆಗೆ ದೂರವಾಣಿ ಮಾಡಿ ಆ ಮಾತನ್ನು ಹೇಳಿದೆ. ಆಕೆ ಈಗ ಹಿರಿಯ ಹುದ್ದೆಯಲ್ಲಿದ್ದಾರೆ. ಅವರ ಕೈಕೆಳಗೂ ಉಪವಿಭಾಗಾಧಿಕಾರಿಗಳಿದ್ದಾರೆ. ಅವರಿಗೆ ಗೋಶಾಲೆಯ ಜಾಗ ಆರಿಸುವ ಅಧಿಕಾರವನ್ನು ಲಿಖಿತವಾಗಿಯೇ ಕೊಟ್ಟಿದ್ದೇನೆಂದು ತಿಳಿಸಿದರು. ನಾನು ಮಾಡಬೇಕಾಗಿದ್ದ ಕೆಲಸ ಅದು.