ಬೆಟದೂರಿನಿಂದ ಸಿಯಾಚಿನ್‌ಗೆ: ಹಿಮದಡಿ ಆರು ದಿನ ಜೀವ ಹಿಡಿದಿದ್ದ ಹನುಮಂತಪ್ಪ ಕೊಪ್ಪದ

ಧಾರವಾಡ ಜಿಲ್ಲೆಯ ಕುಂದಗೋಳ ಎಂದರೆ ಸಂಗೀತ ಬಲ್ಲವರಿಗೆ ಸವಾಯಿ ಗಂಧರ್ವರ ಊರು. ಅದೇ ತಾಲ್ಲೂಕಿನ ಬೆಟದೂರು ಎಂಬ ಹಳ್ಳಿಯ ಹೆಸರು 2016ರ ಫೆಬ್ರುವರಿಯಲ್ಲಿ ದೇಶದ ಮನೆಮನೆಗೂ ತಲುಪಿತು. ಅದಕ್ಕೆ ಕಾರಣ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಹನುಮಂತಪ್ಪ ರೈತ ಕುಟುಂಬದ ಹುಡುಗ. ಹೈಸ್ಕೂಲಿಗೆಂದು ದಿನವೂ ಅರಳಿಕಟ್ಟಿಗೆ ನಡೆದು ಹೋಗುತ್ತಿದ್ದರು. ಸೇನೆ ಸೇರಬೇಕೆಂಬ ಆಸೆ ಮೊದಲಿನಿಂದಲೂ ಇತ್ತು, ಆದರೆ ಭರ್ತಿಯಲ್ಲಿ ಒಂದಲ್ಲ, ಮೂರು ಬಾರಿ ತಿರಸ್ಕೃತರಾದರು. ಛಲ ಬಿಡದೆ ಮತ್ತೆ ಹೋಗಿ 2002ರ ಅಕ್ಟೋಬರ್‌ನಲ್ಲಿ ಮದ್ರಾಸ್ ರೆಜಿಮೆಂಟ್‌ನ 19ನೇ ಬೆಟಾಲಿಯನ್ ಸೇರಿದರು.

13 ವರ್ಷಗಳ ಸೇವೆಯಲ್ಲಿ ಸುಮಾರು 10 ವರ್ಷ ಕಳೆದದ್ದು ಕಠಿಣ ಪ್ರದೇಶಗಳಲ್ಲೇ. 2003ರಿಂದ 2006ರವರೆಗೆ ಜಮ್ಮು ಕಾಶ್ಮೀರದ ಮಾಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿದ್ದರು. 2008ರಲ್ಲಿ ತಾವಾಗಿಯೇ ಕೇಳಿಕೊಂಡು 54 ರಾಷ್ಟ್ರೀಯ ರೈಫಲ್ಸ್‌ಗೆ ಹೋದರು. ಬಳಿಕ 2010ರಿಂದ 2012ರವರೆಗೆ ಈಶಾನ್ಯ ರಾಜ್ಯಗಳಲ್ಲಿ ಕೆಲಸ. 2015ರ ಆಗಸ್ಟ್‌ನಲ್ಲಿ ಸಿಯಾಚಿನ್‌ಗೆ ಬಂದ ಅವರನ್ನು ಡಿಸೆಂಬರ್‌ನಲ್ಲಿ 19,600 ಅಡಿ ಎತ್ತರದ ಸೋನಂ ಪೋಸ್ಟ್‌ಗೆ ಕಳುಹಿಸಲಾಯಿತು. ಊರಲ್ಲಿ ತಾಯಿ, ಹೆಂಡತಿ ಮತ್ತು ಇನ್ನೂ ಎರಡು ವರ್ಷದ ಮಗಳು ಇದ್ದರು.

1984ರ ಏಪ್ರಿಲ್‌ನಲ್ಲಿ ಆಪರೇಷನ್ ಮೇಘದೂತ್ ಶುರುವಾದಾಗಿನಿಂದಲೂ ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿ, ಎತ್ತರ ಮತ್ತು ಹಿಮಕ್ಕೆ ಬಲಿಯಾದವರೇ ಹೆಚ್ಚು. ಗಡಿಯಾಚೆಯ ಕಥೆಯೂ ಅದೇ. 2012ರಲ್ಲಿ ಗಯಾರಿಯಲ್ಲಿ ಒಂದೇ ಹಿಮಕುಸಿತಕ್ಕೆ 140 ಮಂದಿ ಪಾಕಿಸ್ತಾನಿಗಳು ಸತ್ತರು.

2016ರ ಫೆಬ್ರುವರಿ 3ರಂದು ಸೋನಂ ಪೋಸ್ಟ್‌ನ ಮೇಲೆ ಹಿಮದ ಗೋಡೆ ಕುಸಿದು ಬಿತ್ತು. ಒಬ್ಬ ಸುಬೇದಾರ್ ಸೇರಿ 10 ಮಂದಿ ಅದರಡಿ ಹುದುಗಿಹೋದರು. ಮರುದಿನವೇ ಬದುಕುಳಿದಿರುವ ಸಾಧ್ಯತೆ ತೀರಾ ಕಡಿಮೆ ಎಂದು ಸೇನೆ ಹೇಳಿತು, ಸಂತಾಪ ಸಂದೇಶಗಳೂ ಬಂದವು. ಇದನ್ನು ಆತುರ ಎನ್ನುವಂತಿಲ್ಲ. ಹಿಮಕುಸಿತದಲ್ಲಿ ಹೂತವರನ್ನು ಕಾಲು ಗಂಟೆಯೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಆ ಪ್ರಮಾಣ ಥಟ್ಟನೆ ಕುಸಿಯುತ್ತದೆ. ಉರುಳುವಾಗ ಪುಡಿಯಂತಿರುವ ಹಿಮ ನಿಂತ ಮೇಲೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಕೈ ಬೆರಳು ಅಲ್ಲಾಡಿಸಲೂ ಆಗದು. ಬಿಟ್ಟ ಉಸಿರೇ ಮುಖದ ಸುತ್ತ ಮಂಜುಗಡ್ಡೆಯ ಪದರವಾಗಿ ಗಾಳಿಯ ದಾರಿ ಮುಚ್ಚುತ್ತದೆ. ಚಳಿಗಿಂತ ಮೊದಲು ಕೊಲ್ಲುವುದು ಉಸಿರುಗಟ್ಟುವಿಕೆ.

ಆದರೂ ಹುಡುಕಾಟ ನಿಲ್ಲಲಿಲ್ಲ. 150ಕ್ಕೂ ಹೆಚ್ಚು ಸೈನಿಕರು, ಡಾಟ್ ಮತ್ತು ಮಿಶಾ ಎಂಬ ನಾಯಿಗಳು, ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸ, ನೆಲದಡಿ ಇರುವುದನ್ನು ಪತ್ತೆಹಚ್ಚುವ ರೇಡಾರ್ ಎಲ್ಲವನ್ನೂ ಮೇಲಕ್ಕೆ ಸಾಗಿಸಲಾಯಿತು. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಹೆಲಿಕಾಪ್ಟರ್ ಹೊರುವುದೇ ಸ್ವಲ್ಪ ಭಾರ, ಹಾಗಾಗಿ ಸಾಮಾನು ಕಂತು ಕಂತಾಗಿ ಹೋಗಬೇಕಿತ್ತು. ಅಗೆಯುವವನಿಗೇ ನಾಲ್ಕು ಗುದ್ದಲಿ ಏಟಿಗೆ ಏದುಸಿರು ಬರುವ ಜಾಗ ಅದು.

ಫೆಬ್ರುವರಿ 8ರ ರಾತ್ರಿ, 25ರಿಂದ 30 ಅಡಿ ಆಳದಲ್ಲಿ ಹನುಮಂತಪ್ಪ ಸಿಕ್ಕರು. ಜೀವ ಇತ್ತು! ಅವರಿದ್ದ ಡೇರೆಯೊಳಗೆ ಗಾಳಿ ಉಳಿದದ್ದೇ ಇದಕ್ಕೆ ಕಾರಣ ಎಂದು ಆಗ ವಿವರಿಸಲಾಯಿತು. ಒಂದು ವಾರದಿಂದ ಅಳುತ್ತಿದ್ದ ಬೆಟದೂರಿನಲ್ಲಿ ಸಂಭ್ರಮ ಉಕ್ಕಿತು.

9ರಂದು ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತರಲಾಯಿತು. ಪ್ರಧಾನಿ ನರೇಂದ್ರ ಮೋದಿ ಆಸ್ಪತ್ರೆಗೆ ಧಾವಿಸಿದರು. ಅಚ್ಚರಿ ಎಂದರೆ ಮೈಯಲ್ಲಿ ಹಿಮಕಡಿತವೂ ಇರಲಿಲ್ಲ, ಮೂಳೆಯೂ ಮುರಿದಿರಲಿಲ್ಲ. ಅಪಾಯ ಒಳಗಿತ್ತು. ದೇಹದಲ್ಲಿ ನೀರಿನಂಶ ಬತ್ತಿತ್ತು, ನ್ಯುಮೋನಿಯಾ ತಗುಲಿತ್ತು, ಯಕೃತ್ತು ಮತ್ತು ಮೂತ್ರಪಿಂಡ ಸೋಲುತ್ತಿದ್ದವು, ಪ್ರಜ್ಞೆ ಇರಲಿಲ್ಲ. ತಣ್ಣಗಾಗಿದ್ದ ಮೈ ಬಿಸಿಯಾಗಿ, ನಿಂತಿದ್ದ ಕಡೆಗಳಿಗೆ ರಕ್ತ ಮತ್ತೆ ಹರಿಯತೊಡಗುವ ಹೊತ್ತೇ ಹೆಚ್ಚು ಅಪಾಯಕಾರಿ ಎಂದು ವೈದ್ಯರು ಎಚ್ಚರಿಸಿದ್ದರು. ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ ನಡೆಯಿತು. ಉತ್ತರ ಪ್ರದೇಶದ ಗೃಹಿಣಿಯೊಬ್ಬರು ತಮ್ಮ ಮೂತ್ರಪಿಂಡ ಕೊಡಲು ಮುಂದೆ ಬಂದರು.

ಫೆಬ್ರುವರಿ 11ರಂದು ಬೆಳಗ್ಗೆ 11.45ಕ್ಕೆ ಬಹು ಅಂಗಾಂಗ ವೈಫಲ್ಯದಿಂದ ಹನುಮಂತಪ್ಪ ಕೊನೆಯುಸಿರೆಳೆದರು. ಆ ಮನೆಯವರು ಒಂದೇ ವಾರದಲ್ಲಿ ಎರಡು ಸಲ ಅವರನ್ನು ಕಳೆದುಕೊಂಡಂತಾಯಿತು. ಮರುದಿನ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅಂತಿಮ ದರ್ಶನ ಪಡೆದ ಬಳಿಕ ಬೆಟದೂರಿನ ಮಣ್ಣಿನಲ್ಲೇ ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಸಂಸ್ಕಾರ ನಡೆಯಿತು.

ಹಿಮದಡಿ ಮಡಿದ ಉಳಿದ ಒಂಬತ್ತು ಮಂದಿಯಲ್ಲಿ ಹಾಸನದ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಸಿಪಾಯಿ ಮುಷ್ತಾಕ್ ಅಹ್ಮದ್ ಕೂಡ ಇದ್ದರು. ಹವಾಮಾನ ಬಿಡದ್ದರಿಂದ ಅವರ ಪಾರ್ಥಿವ ಶರೀರಗಳು ಕೆಳಗಿಳಿಯುವುದಕ್ಕೆ ಇನ್ನೂ ಕೆಲವು ದಿನ ಬೇಕಾದವು. ಹನುಮಂತಪ್ಪ ಅವರಿಗೆ ಮರಣೋತ್ತರವಾಗಿ ಬಂದ ಸೇನಾ ಪದಕವನ್ನು 2017ರ ಜನವರಿಯ ಸೇನಾ ದಿನದಂದು ಅವರ ಪತ್ನಿ ಸ್ವೀಕರಿಸಿದರು.